ಹುಲಿ ನುಂಗಿದ ಹುಡುಗನೂ ಹೆಸರು ಕಳೆದುಕೊಂಡ ಬೀದಿಯೂ

ನಮ್ಮೂರಿನ ಬಸ್‌ಸ್ಟ್ಯಾಂಡಿನ ಹಿಂದಿನ ಬಯಲಿಗೆ ಸರ್ಕಸ್ ಮೈದಾನ ಎಂದು ಹೆಸರು. ಅಲ್ಲಿಗೆ ವರ್ಷವರ್ಷವೂ ಸರ್ಕಸ್ ಬರುತ್ತಿತ್ತು ಅಂತಲ್ಲ. ನನ್ನ ಬಾಲ್ಯದಲ್ಲಿ ಬಂದಿದ್ದು ಎರಡೋ ಮೂರೋ ಸಲ. ಆದರೆ ಬಂದಾಗ ರಾತ್ರಿ ಸಿಂಹದ ಕೂಗು ನಮ್ಮ ಮೊಹಲ್ಲಾದವರೆಗೆ ಕೇಳುತ್ತಿತ್ತು. ದಾದಿ ಬಾಗಿಲ ಚಿಲಕವನ್ನು ಎರಡೆರಡು ಸಲ ನೋಡುತ್ತಿದ್ದರು. ಆ ದಿನಗಳಲ್ಲಿ ಊರಿನಲ್ಲಿ ಯಾರದಾದರೂ ಕತ್ತೆ ಕಾಣೆಯಾದರೆ ಅದು ಸಿಂಹದ ಹೊಟ್ಟೆ ಸೇರಿತೆಂದೇ ಲೆಕ್ಕ. ಬೀದಿನಾಯಿಗಳ ಗತಿಯೂ ಅದೇ. ಯಾರೂ ಕಣ್ಣಾರೆ ಕಂಡವರಿರಲಿಲ್ಲ. ಕಂಡವರನ್ನು ಬಲ್ಲವರು ಮಾತ್ರ ಬೇಕಾದಷ್ಟು ಜನ ಇದ್ದರು.

ಹುಲಿ, ಸಿಂಹ, ಕರಡಿ, ಚಿರತೆ, ಕೋತಿಗಳನ್ನು ಆಟಕ್ಕೆ ಬಳಸಬಾರದೆಂದು ಸರಕಾರ 1998ರಲ್ಲಿ ಅಧಿಸೂಚನೆ ಹೊರಡಿಸಿತು. 2001ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಅಷ್ಟರಲ್ಲಿ ನಮ್ಮ ಮೈದಾನ ಸೈಟುಗಳಾಗಿ, ಒಬ್ಬ ನಾಯಕರ ಹೆಸರಿನ ಬಡಾವಣೆಯಾಯಿತು.

ಇಂಥದೇ ಒಂದು ಕತೆಯನ್ನು ಲಂಡನ್ನಿನ ಪೂರ್ವಭಾಗದ ಜನ ನೂರೈವತ್ತು ವರ್ಷಕ್ಕೂ ಮೇಲ್ಪಟ್ಟು ಹೇಳಿಕೊಂಡು ಬಂದಿದ್ದಾರೆ. ಅದರ ನಾಯಕ ಒಂದು ಬಂಗಾಳದ ಹುಲಿ, ಅದು ನಡೆದ ವರ್ಷ 1857. ಹೀಗಾಗಿ ಅದು ಅವರ ಕತೆಯಾದಷ್ಟೇ ನಮ್ಮದೂ ಹೌದು.

ಥೇಮ್ಸ್ ನದಿಯ ಹಡಗುಕಟ್ಟೆಗಳ ಬೆನ್ನಿಗೆ ರ‍್ಯಾಟ್‌ಕ್ಲಿಫ್ ಹೈವೇ ಎಂಬ ಬೀದಿ. ನಾವಿಕರ ಹೆಂಡದಂಗಡಿ, ವಸತಿಗೃಹ, ಗುಜರಿ, ಜಗಳ ಎಲ್ಲಕ್ಕೂ ಹೆಸರಾಗಿತ್ತು. ಅಲ್ಲಿ ಚಾರ್ಲ್ಸ್ ಜಾಮ್ರಾಕ್ ಎಂಬ ಜರ್ಮನ್ ಮೂಲದ ವ್ಯಾಪಾರಿಯ ಅಂಗಡಿ. ಅವನ ಸರಕು ಜೀವಂತ ಪ್ರಾಣಿಗಳು. ದೂರ ದೇಶಗಳಿಂದ ಬಂದ ನಾವಿಕರು ಗಿಳಿಯನ್ನೋ ಕೋತಿಯನ್ನೋ ತಂದು ಅವನಿಗೆ ಮಾರಿ ಕೈಖರ್ಚು ಮಾಡಿಕೊಳ್ಳುತ್ತಿದ್ದರು. ದೊಡ್ಡ ಪ್ರಾಣಿಗಳು ಬೆಟ್ಸ್ ಸ್ಟ್ರೀಟಿನ ಅವನ ಅಂಗಳಕ್ಕೆ ಹೋಗುತ್ತಿದ್ದವು. ಕೊಳ್ಳುವವರು ಮೃಗಾಲಯಗಳು, ಸಿರಿವಂತರು, ಅಮೆರಿಕದ ಬಾರ್ನಮ್‌ನಂಥ ತಮಾಷೆ ವ್ಯಾಪಾರಿಗಳು, ಗಾಡಿಗಳ ಮೇಲೆ ಪಂಜರವಿಟ್ಟು ಊರೂರು ತಿರುಗುವ ಪ್ರದರ್ಶನದವರು. ಸರ್ಕಸ್ ಎಂದರೆ ಆಗ ಮುಖ್ಯವಾಗಿ ಕುದುರೆ ಆಟ. 1768ರಲ್ಲಿ ಫಿಲಿಪ್ ಆಸ್ಟ್ಲಿ ಲಂಡನ್ನಿನಲ್ಲಿ ಶುರುಮಾಡಿದ್ದೂ ಅದನ್ನೇ. ಪಂಜರದ ಮೃಗಗಳು ಸರ್ಕಸ್ಸಿನ ಕಣದೊಳಗೆ ಬಂದದ್ದು ನಿಧಾನವಾಗಿ.

1857ರ ಅಕ್ಟೋಬರಿನ ಒಂದು ದಿನ ಹಡಗಿನಿಂದ ಇಳಿಸಿದ ಹುಲಿಯೊಂದನ್ನು ಮರದ ಪೆಟ್ಟಿಗೆಯಲ್ಲಿ ಜಾಮ್ರಾಕನ ಅಂಗಳಕ್ಕೆ ತಂದರು. ಅದು ಹಿಂಭಾಗದಿಂದ ಹಲಗೆಯನ್ನು ನೂಕಿ ಮುರಿದು, ಬೀದಿಗೆ ನಡೆದುಬಂತು. ಜನ ದಿಕ್ಕಾಪಾಲಾದರು. ಎಂಟೊಂಬತ್ತು ವರ್ಷದ ಒಬ್ಬ ಹುಡುಗ ಮಾತ್ರ ಓಡಲಿಲ್ಲ. ಅವನು ಅಷ್ಟು ದೊಡ್ಡ ಬೆಕ್ಕನ್ನು ನೋಡಿರಲಿಲ್ಲ. ಬೆನ್ನು ಸವರಲು ಕೈ ಚಾಚಿದ. ಹುಲಿ ಅವನನ್ನು ಕಚ್ಚಿ ಎತ್ತಿಕೊಂಡು ಹೊರಟಿತು.

ಇಲ್ಲಿಂದ ಮುಂದೆ ಕತೆ ಎರಡು ದಾರಿ ಹಿಡಿಯುತ್ತದೆ. ಜನ ಹೇಳುವ ಪ್ರಕಾರ ಜಾಮ್ರಾಕ್ ಓಡಿಬಂದು, ಬರಿಗೈಯನ್ನು ಹುಲಿಯ ಗಂಟಲಿಗೆ ತುರುಕಿ ಹುಡುಗನನ್ನು ಬಿಡಿಸಿದ. ಆದರೆ ಜಾಮ್ರಾಕನೇ 22 ವರ್ಷಗಳ ಬಳಿಕ, 1879ರಲ್ಲಿ, ಹುಡುಗರ ಪತ್ರಿಕೆಯೊಂದರಲ್ಲಿ ಬರೆದುಕೊಂಡದ್ದು ಬೇರೆ. ಅವನು ಹಿಂದಿನಿಂದ ಹಾರಿ ಹುಲಿಯ ಕುತ್ತಿಗೆಯ ಚರ್ಮ ಹಿಡಿದು ಅಮುಕಿದ. ಅವನ ಆಳೊಬ್ಬ ಕಬ್ಬಿಣದ ಸಲಾಕೆ ತಂದು ಹುಲಿಯ ಕಣ್ಣುಗಳ ಮೇಲೆ ಬಲವಾಗಿ ಹೊಡೆದ. ಆಗ ಬಾಯಿ ಬಿಟ್ಟಿತು. ಹುಲಿ ಮತ್ತೆ ಎದ್ದಾಗ ಜಾಮ್ರಾಕ್ ಅದೇ ಸಲಾಕೆ ಕಸಿದು ಇನ್ನೊಂದು ಏಟು ಹಾಕಿದ. ಅದು ಬಾಲ ಮುದುರಿ ಲಾಯದತ್ತ ಹೋಯಿತು. ತನ್ನ ಶೌರ್ಯವನ್ನು ಮಕ್ಕಳಿಗೆ ಹೇಳಿಕೊಳ್ಳಲು ಕೂತ ಮನುಷ್ಯ ಕೂಡ ಆಳಿನ ಸಲಾಕೆಯನ್ನು ಮುಚ್ಚಿಡಲಿಲ್ಲ. ಜನರ ಕತೆ ಮುಚ್ಚಿಟ್ಟಿತು. ಯಜಮಾನನ ಬರಿಗೈ ಇರುವಾಗ ಆಳಿನ ಕಬ್ಬಿಣ ಯಾರಿಗೆ ಬೇಕು!

ಹುಡುಗನ ಕಡೆಯವರು ದಾವೆ ಹೂಡಿದರು. ಜಾಮ್ರಾಕನ ಲೆಕ್ಕದಲ್ಲಿ ಅವನಿಗೆ ತಗುಲಿದ್ದು 300 ಪೌಂಡು; ಅದರಲ್ಲಿ ಹುಡುಗನ ಕೈಗೆ ಬಂದದ್ದು 60, ಉಳಿದದ್ದು ವಕೀಲರಿಗೆ. ಆದರೆ ಹುಲಿಯನ್ನು ವೊಂಬ್‌ವೆಲ್ ಪ್ರಾಣಿ ಪ್ರದರ್ಶನದವರು ಅದೇ 300 ಪೌಂಡಿಗೆ ಕೊಂಡರು. (ಜಾರ್ಜ್ ವೊಂಬ್‌ವೆಲ್ ತೀರಿಕೊಂಡದ್ದು 1850ರಲ್ಲಿ. ಹೆಸರು ಮಾತ್ರ ಗಾಡಿಗಳ ಮೇಲೆ ಇನ್ನೂ ಊರೂರು ತಿರುಗುತ್ತಿತ್ತು.) ಅವರು ಅದನ್ನು ‘ಮಗುವನ್ನು ನುಂಗಿದ ಹುಲಿ’ ಎಂದು ಸಾರಿ ಟಿಕೇಟು ಮಾರಿದರು. ಬದುಕಿದ್ದ ಹುಡುಗ ನೋಡುಗರ ಪಾಲಿಗೆ ಸತ್ತವನಾದ. ಕತೆ ಹೇಳುವವರು ಅವನನ್ನು ಬರೀ ‘ಒಬ್ಬ ಹುಡುಗ’ ಎನ್ನುತ್ತಾರೆ.

ಈ ಕತೆಯಲ್ಲಿ ಇನ್ನೂ ಕೆಲವರಿದ್ದಾರೆ, ಅವರನ್ನು ಯಾರೂ ಹೇಳುವುದಿಲ್ಲ. ಆ ಬೀದಿ ಮತ್ತು ಅದರ ಸುತ್ತಿನ ಸಂದಿಗಳು ಲಸ್ಕರರ ನೆಲೆ. ಲಸ್ಕರ್ ಎಂದರೆ ಬಂಗಾಳ, ಗುಜರಾತ್, ಕೊಂಕಣ, ಮಲಬಾರುಗಳಿಂದ ಕಂಪನಿ ಹಡಗುಗಳಿಗೆ ಸೇರಿದ ನಾವಿಕರು. ಅವರಲ್ಲಿ ಬಹಳಷ್ಟು ಮುಸಲ್ಮಾನರು. ಸೈನ್ಯ ಎಂಬ ಅರ್ಥದ ಫಾರಸಿಯ ಲಶ್ಕರ್ ಪೋರ್ಚುಗೀಸರ ನಾಲಗೆಯಲ್ಲಿ ಹೊರಳಿ ಹೀಗಾಯಿತು. ಮೈಸೂರಿನ ಲಷ್ಕರ್ ಮೊಹಲ್ಲಾದ ಹೆಸರಿನಲ್ಲಿ ಇರುವುದೂ ಇದೇ ಪದ. ಲಂಡನ್ನಿಗೆ ಬಂದ ಲಸ್ಕರರು ಹಿಂದಿರುಗುವ ಹಡಗು ಸಿಗುವವರೆಗೆ ತಿಂಗಳುಗಟ್ಟಲೆ ಅಲ್ಲೇ ಬಿದ್ದಿರಬೇಕಿತ್ತು. ಚಳಿಗೆ, ಹಸಿವಿಗೆ ಬೀದಿಯಲ್ಲೇ ಸತ್ತವರಿದ್ದರು. ಹುಲಿ ತಪ್ಪಿಸಿಕೊಂಡ ವರ್ಷವೇ, 1857ರಲ್ಲಿ, ಹತ್ತಿರದ ಲೈಮ್‌ಹೌಸಿನಲ್ಲಿ ಏಷ್ಯಾ ಮತ್ತು ಆಫ್ರಿಕಾದ ನಾವಿಕರಿಗಾಗಿ ಒಂದು ಆಶ್ರಯಗೃಹ ತೆರೆಯಿತು. ಅದಕ್ಕೆ ದೇಣಿಗೆ ಕೊಟ್ಟವರಲ್ಲಿ ರಾಜ್ಯ ಕಳೆದುಕೊಂಡು ಇಂಗ್ಲೆಂಡಿನಲ್ಲಿದ್ದ ಪಂಜಾಬಿನ ಮಹಾರಾಜ ದುಲೀಪ್ ಸಿಂಗ್ ಕೂಡ ಒಬ್ಬ. ಹುಲಿಗೆ ಹಡಗಿನಲ್ಲಿ ಮಾಂಸ ಹಾಕಿ ತಂದವರಲ್ಲಿ ಲಸ್ಕರರೂ ಇದ್ದಿರಬೇಕೆಂದು ನನ್ನ ಊಹೆ. ಪೆಟ್ಟಿಗೆಯೊಳಗಿನ ಪ್ರಾಣಿ ಬೀದಿಗೆ ಬಂದಾಗ ಅದರ ಹೆಸರನ್ನು ತಮ್ಮ ಭಾಷೆಯಲ್ಲಿ ಕೂಗಿ ಹೇಳಬಲ್ಲವರು ಅಲ್ಲಿ ಅವರೊಬ್ಬರೇ.

ಆ ವರ್ಷ ಲಂಡನ್ನಿನವರಿಗೆ ಬಂಗಾಳದ ಹುಲಿ ಬರೀ ಪ್ರಾಣಿಯಾಗಿರಲಿಲ್ಲ. ಎರಡು ತಿಂಗಳ ಹಿಂದಷ್ಟೇ, ಆಗಸ್ಟ್ 22ರ ‘ಪಂಚ್’ ಪತ್ರಿಕೆಯಲ್ಲಿ ಜಾನ್ ಟೆನಿಯಲ್ ಬರೆದ ದೊಡ್ಡ ವ್ಯಂಗ್ಯಚಿತ್ರ ಬಂದಿತ್ತು: ಒಂದು ಹೆಣ್ಣು ಮತ್ತು ಮಗುವನ್ನು ಕೆಡವಿರುವ ಬಂಗಾಳದ ಹುಲಿ, ಅದರ ಮೇಲೆ ಎರಗುತ್ತಿರುವ ಬ್ರಿಟಿಷ್ ಸಿಂಹ. ಕಾನ್ಪುರದ ಸುದ್ದಿಗೆ ಸೇಡಿನ ಕರೆ ಅದು. ಈ ಚಿತ್ರ ನೋಡಿದ್ದ ಊರಿನಲ್ಲಿ ನಿಜವಾದ ಬಂಗಾಳದ ಹುಲಿಯೊಂದು ನಿಜವಾದ ಮಗುವನ್ನು ಕಚ್ಚಿ ಎತ್ತಿತು ಎಂದರೆ ಅದು ದಂತಕತೆಯಾಗದೆ ಇರುತ್ತದೆಯೆ?

ಚಿತ್ರದ ಬೇರು ಇನ್ನೂ ಹಿಂದಿನದು, ನಮ್ಮ ಶ್ರೀರಂಗಪಟ್ಟಣದ್ದು. 1799ರ ಮೇ 4ರಂದು ಕೋಟೆ ಬಿದ್ದ ನೆನಪಿಗೆ ಕಂಪನಿ ಟಂಕಿಸಿದ ಪದಕದಲ್ಲಿಯೂ ಸಿಂಹ ಹುಲಿಯನ್ನು ಕೆಡವಿದೆ. ಅದರ ಪತಾಕೆಯಲ್ಲಿ ಅರಬ್ಬಿ ಅಕ್ಷರಗಳಲ್ಲಿ ‘ಅಸದುಲ್ಲಾಹಿಲ್ ಗಾಲಿಬ್’ ಎಂದಿದೆ: ಅಲ್ಲಾಹನ ಸಿಂಹವೇ ವಿಜಯಿ. ಟಿಪ್ಪುವಿನ ಆಯುಧಗಳ ಮೇಲೆ ಇದ್ದ ಮಾತನ್ನೇ ತೆಗೆದು ಅವನ ಹುಲಿಯ ಮೇಲೆ ಎರಗುವ ಸಿಂಹಕ್ಕೆ ಕೊಟ್ಟರು. ಅವನ ಮರದ ಹುಲಿ ಲೀಡನ್‌ಹಾಲ್ ಸ್ಟ್ರೀಟಿನ ಕಂಪನಿ ಕಚೇರಿಯಲ್ಲಿ 1808ರಿಂದ ಪ್ರದರ್ಶನಕ್ಕಿತ್ತು. ಬಂದವರೆಲ್ಲ ಹಿಡಿ ತಿರುಗಿಸಿ ಅದರ ಗರ್ಜನೆ ಕೇಳುತ್ತಿದ್ದುದರಿಂದ ಅಲ್ಲಿ ಓದಲು ಕೂತವರಿಗೆ ರೇಗಿಹೋಗುತ್ತಿತ್ತಂತೆ. ಆ ಬೀದಿಯಿಂದ ಜಾಮ್ರಾಕನ ಅಂಗಡಿಗೆ ನಡೆದೇ ಹೋಗಬಹುದು. ಆಸ್ಟ್ಲಿಯ ಸರ್ಕಸ್ಸಿನಲ್ಲಿ 1792ರಲ್ಲೇ ಬೆಂಗಳೂರಿನ ಮುತ್ತಿಗೆಯನ್ನು ಆಟವಾಡಿ ತೋರಿಸಿದ್ದರು. ಕೋಟೆಯೊಳಗಿನ ಜೀವಂತ ಹುಲಿಗಳ ಪಾಡು ಏನಾಗಿತ್ತೆಂದರೆ, ಅವಕ್ಕೆ ಆಹಾರವಿಲ್ಲ, ನೋಡಿಕೊಳ್ಳುವವರಿಲ್ಲ, ಒಯ್ಯದಿದ್ದರೆ ಗುಂಡಿಕ್ಕಿಸಬೇಕಾಗುತ್ತದೆ ಎಂದು ಆರ್ಥರ್ ವೆಲ್ಲೆಸ್ಲಿ ಪತ್ರ ಬರೆದ.

ಹುಲಿ ಲಂಡನ್ನಿನಲ್ಲಿ ಅಡ್ಡಾಡುವ ಹೊತ್ತಿಗೆ ದಿಲ್ಲಿ ಬಿದ್ದಾಗಿತ್ತು. ಅಲ್ಲಿಯೂ ಒಂದು ಪ್ರಾಣಿಯ ಕತೆ ಹುಟ್ಟಿಕೊಂಡಿತು. ಉರ್ದು ಓದಿದವರ ಮನೆಗಳಲ್ಲಿ ಅದನ್ನು ಈಗಲೂ ಹೇಳುತ್ತಾರೆ. ಬಹಾದುರ್ ಶಾ ಜಫರನ ಸವಾರಿಯ ಆನೆ ಮೌಲಾ ಬಖ್ಷ್. ಅದನ್ನು ಬರೆದಿಟ್ಟವನು ಆಸ್ಥಾನದಲ್ಲಿದ್ದ ಕವಿ ಜಹೀರ್ ದೆಹಲವಿ; ಮುಂದೆ ಹೈದರಾಬಾದಿಗೆ ಬಂದು 1911ರಲ್ಲಿ ತೀರಿಕೊಂಡ. ಬಾದಶಹ ಸೆರೆಯಾದ ಮೇಲೆ ಆನೆ ಮೇವು ಬಿಟ್ಟಿತು. ಇಂಗ್ಲಿಷ್ ಅಧಿಕಾರಿ ಲಾಡು, ಕಚೋರಿ ತರಿಸಿ ಮುಂದಿಡಿಸಿದರೆ ಬುಟ್ಟಿಯನ್ನೇ ಎಸೆಯಿತು. ಇದೂ ಬಂಡಾಯವೇ ಎಂದು ಹರಾಜಿಗಿಟ್ಟರು. ಒಬ್ಬ ದಿನಸಿ ವ್ಯಾಪಾರಿ 250 ರೂಪಾಯಿಗೆ ಕೂಗಿದ. ಇನ್ನು ನಮ್ಮಿಬ್ಬರ ಹಣೆಬರಹ ದಿನಸಿ ಅಂಗಡಿಯ ಬಾಗಿಲು ಎಂದು ಮಾವುತ ಹೇಳಿದ್ದೇ ತಡ, ಆನೆ ದೊಪ್ಪನೆ ಬಿದ್ದು ಪ್ರಾಣ ಬಿಟ್ಟಿತು. ಕತೆಗಾರನಾಗಿ ನನಗೆ ಗೊತ್ತು, ಪ್ರಾಣಿಗಳು ಇಷ್ಟು ಸರಿಯಾದ ಗಳಿಗೆಗೆ ಸಾಯುವುದಿಲ್ಲ. ಆದರೆ ಮಾತಾಡಿದರೆ ಗಲ್ಲಾಗುತ್ತಿದ್ದ ದಿನಗಳಲ್ಲಿ ದಿಲ್ಲಿಯ ಜನ ತಮ್ಮ ದುಃಖವನ್ನು ಇನ್ನು ಯಾರ ಬಾಯಲ್ಲಿ ಹೇಳಿಸಬೇಕಿತ್ತು?

ಆ ಆನೆ ನಡೆದ ಬೀದಿಗಳೂ ಉಳಿಯಲಿಲ್ಲ. ಉರ್ದೂ ಬಜಾರ್, ಖಾಸ್ ಬಜಾರ್, ಖಾನಮ್ ಕಾ ಬಜಾರ್ ಒಂದೊಂದೂ ಒಂದು ಊರಿನಷ್ಟಿದ್ದವು, ಈಗ ಎಲ್ಲಿದ್ದವೆಂದೂ ತಿಳಿಯದು ಎಂದು ಗಾಲಿಬ್ ಗೆಳೆಯರಿಗೆ ಬರೆದ ಪತ್ರಗಳಲ್ಲಿ ಮರುಗಿದ್ದಾನೆ. ಕೋಟೆಯ ಸುತ್ತ ತೋಪಿನ ಗುಂಡಿಗೆ ದಾರಿಯಾಗಲೆಂದು ಮನೆ ಅಂಗಡಿಗಳನ್ನು ನೆಲಸಮ ಮಾಡಿದ್ದರು. ಇಂದು ಜಾಮಾ ಮಸೀದಿಯ ಬಳಿ ಪುಸ್ತಕದಂಗಡಿಗಳಿರುವ ಉರ್ದೂ ಬಜಾರ್ ಬೇರೆ ಜಾಗ. ಹೆಸರು ಮಾತ್ರ ವಲಸೆ ಬಂದಿದೆ. ಉರ್ದು ಎಂದರೂ ದಂಡಿನ ಬೀಡು, ಲಶ್ಕರ್ ಎಂದರೂ ದಂಡು. ದಂಡುಗಳು ಹೋದವು, ಪದಗಳು ಒಂದು ಭಾಷೆಗೆ, ಒಂದು ಮೊಹಲ್ಲಾಕ್ಕೆ, ಚಳಿಯಲ್ಲಿ ನಡುಗುವ ನಾವಿಕನಿಗೆ ಅಂಟಿಕೊಂಡವು.

ಲಂಡನ್ನಿನವರು ಬೀದಿ ಕೆಡವಲಿಲ್ಲ, ಹೆಸರು ಕಿತ್ತರು. 1811ರ ಡಿಸೆಂಬರಿನಲ್ಲಿ ಆ ಬೀದಿಯ ಆಸುಪಾಸಿನ ಎರಡು ಮನೆಗಳಲ್ಲಿ ಏಳು ಜನರ ಕೊಲೆಯಾಗಿ ರ‍್ಯಾಟ್‌ಕ್ಲಿಫ್ ಹೈವೇ ಎಂದರೆ ಮಕ್ಕಳು ಬೆಚ್ಚುವಂತಾಗಿತ್ತು. ಮುಂದೆ ಅದಕ್ಕೆ ಹತ್ತಿರದ ಚರ್ಚಿನ ಸಂತನ ಹೆಸರಿಟ್ಟು ಸೇಂಟ್ ಜಾರ್ಜ್ ಸ್ಟ್ರೀಟ್ ಎಂದರು. ಜನ ಹಳೆಯದನ್ನೇ ಹೇಳುತ್ತಿದ್ದರು. ಈಗ ಫಲಕದಲ್ಲಿರುವುದು ಬರೀ ‘ದಿ ಹೈವೇ’. ಬೆಂಗಳೂರಿನ ದಂಡು ಪ್ರದೇಶದಲ್ಲಿ ಕ್ಯಾವಲ್ರಿ ರೋಡ್ ಕಾಮರಾಜ ರಸ್ತೆಯಾದಾಗ ಹೀಗೇ ಕುದುರೆಗಳು ಹೋದವು. ಕಾಮರಾಜರ ಮೇಲೆ ನನಗೆ ಗೌರವವಿದೆ. ಕುದುರೆಗಳ ಲದ್ದಿ ಬಾಚಿದವರ ನೆನಪಿಗೆ ಮಾತ್ರ ಅಲ್ಲಿ ಏನೂ ಉಳಿಯಲಿಲ್ಲ.

ದಿ ಹೈವೇ ಪಕ್ಕದಲ್ಲೇ ಟೊಬ್ಯಾಕೊ ಡಾಕ್ ಎಂಬ ಹಳೆಯ ತಂಬಾಕು ಉಗ್ರಾಣವಿದೆ. ಅದರ ಬಾಗಿಲಲ್ಲಿ ಕಂಚಿನ ಹುಲಿ, ಅದರೆದುರು ಕಂಚಿನ ಹುಡುಗ. ಸಲಾಕೆಯ ಆಳು ಅಲ್ಲಿಲ್ಲ, ಲಸ್ಕರನೂ ಇಲ್ಲ.

ಕಳೆದ ಸಲ ಊರಿಗೆ ಹೋದಾಗ ಆಟೋ ಹತ್ತಿ ಸರ್ಕಸ್ ಮೈದಾನ ಎಂದೆ. ಇಪ್ಪತ್ತರ ಹುಡುಗ, ಸೀದಾ ನಾಯಕರ ಹೆಸರಿನ ಬೋರ್ಡಿನ ಕೆಳಗೇ ತಂದು ಇಳಿಸಿದ. ಸರ್ಕಸ್ ನೋಡಿದ್ದೀಯೇನಪ್ಪ ಎಂದು ಕೇಳಿದೆ.

“ಇಲ್ಲ ಸಾರ್. ಆದ್ರೆ ಇಲ್ಲಿ ಸಿಂಹ ಒಂದು ಕತ್ತೇನ ತಿಂದಿತ್ತಂತೆ” ಎಂದ, ಚಿಲ್ಲರೆ ಎಣಿಸುತ್ತ.