ಹಾಗಲದ ಪಕ್ಕ ನೆಟ್ಟರೆ ಸೌತೆಕಾಯಿ ಕಹಿಯಾಗುತ್ತದೆಯೇ?

ಮನೆಯಲ್ಲಿ ಬೆಳೆದ ಸೌತೆಕಾಯಿ ಕಹಿ ಬಂದರೆ ಸಾಮಾನ್ಯವಾಗಿ ಸಿಗುವ ವಿವರಣೆ ಇದು: "ಪಕ್ಕದಲ್ಲೇ ಹಾಗಲ ಬಳ್ಳಿ ಇದೆಯಲ್ಲ, ಅದರ ಪರಾಗ ತಾಗಿದೆ." ಕೈತೋಟದ ವಾಟ್ಸಾಪ್ ಗುಂಪುಗಳಲ್ಲೂ ಈ ಮಾತು ಓಡಾಡುತ್ತಿರುತ್ತದೆ. ಇದು ನಿಜವೇ?

ಒಂದೇ ಮಾತಿನಲ್ಲಿ: ಸುಳ್ಳು. ಹಾಗಲದ ಪರಾಗದಿಂದ ಸೌತೆ ಕಹಿಯಾಗುವುದಿಲ್ಲ. ಆದರೆ ಕಹಿಯನ್ನು ಕಡೆಗಣಿಸಬೇಡಿ. ಕೆಲವೊಮ್ಮೆ ಅದು ಅಪಾಯದ ಸೂಚನೆ.

ಹೂವಿನಲ್ಲಿ ಏನಾಗುತ್ತದೆ?

ಜೇನುನೊಣಕ್ಕೆ ಸೌತೆ, ಹಾಗಲ ಎಂಬ ಭೇದವಿಲ್ಲ. ಒಂದರ ಪರಾಗವನ್ನು ಇನ್ನೊಂದರ ಹೆಣ್ಣು ಹೂವಿಗೆ ಅದು ತಂದು ಹಾಕಬಹುದು. ಆದರೆ ಪರಾಗ ಬಿದ್ದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಹೆಣ್ಣು ಹೂವಿನ ತುದಿಯ ಅಂಟಾದ ಭಾಗಕ್ಕೆ ಶಲಾಕಾಗ್ರ ಎನ್ನುತ್ತಾರೆ. ಅಲ್ಲಿ ಬಿದ್ದ ಪರಾಗ ನೀರು ಹೀರಿ, ಮೊಳೆತು, ಸಣ್ಣ ನಾಳವನ್ನು ಅಂಡಾಶಯದವರೆಗೆ ಇಳಿಸಬೇಕು. ಪರಾಗ ಮತ್ತು ಶಲಾಕಾಗ್ರದ ರಾಸಾಯನಿಕಗಳು ಹೊಂದಿದರೆ ಮಾತ್ರ ಇದು ಸರಿಯಾಗಿ ನಡೆಯುತ್ತದೆ. ಹೊಂದದಿದ್ದರೆ ಪರಾಗ ಮೊಳೆಯುವುದಿಲ್ಲ, ಇಲ್ಲವೇ ನಾಳ ಅರ್ಧದಲ್ಲೇ ನಿಲ್ಲುತ್ತದೆ. ನಾಳ ತಲುಪಿದರೂ ಭ್ರೂಣ ಬೆಳೆಯದೆ ಹೋಗಬಹುದು.

ಸೌತೆಯ ಜೀವಕೋಶದಲ್ಲಿ 14 ವರ್ಣತಂತುಗಳಿವೆ, ಹಾಗಲದಲ್ಲಿ 22. ಇವೆರಡೂ ಒಂದೇ ಕುಟುಂಬದವಾದರೂ ದೂರದ ನೆಂಟರು. ಇನ್ನೂ ಹತ್ತಿರದ ಕರಬೂಜದಲ್ಲಿ 24 ಇವೆ. ಅದರ ಜೊತೆಗೂ ಸೌತೆ ಸಹಜವಾಗಿ ಕೂಡುವುದಿಲ್ಲ. 1990ರ ದಶಕದಲ್ಲಿ ಚೀನಾದ ಒಂದು ಕಾಡು ಜಾತಿಯೊಂದಿಗೆ ಸೌತೆಯನ್ನು ಕೂಡಿಸಲು ವಿಜ್ಞಾನಿಗಳು ಎಳೆ ಭ್ರೂಣವನ್ನು ಹೊರತೆಗೆದು ಪ್ರಯೋಗಾಲಯದಲ್ಲಿ ಬೆಳೆಸಬೇಕಾಯಿತು.

ಹೆಸರು ನೋಡಿ ಮೋಸ ಹೋಗಬೇಡಿ

ಸಾಂಬಾರಿಗೆ ಹಾಕುವ ಮಂಗಳೂರು ಸೌತೆ ಹೆಸರಿಗಷ್ಟೇ ಸೌತೆ. ಸಸ್ಯಶಾಸ್ತ್ರದ ಪ್ರಕಾರ ಅದು ಕರಬೂಜದ ಜಾತಿಗೇ ಸೇರಿದ್ದು. ಹಾಗಾಗಿ ಅದು ಕರಬೂಜದೊಂದಿಗೆ ಸುಲಭವಾಗಿ ಕೂಡುತ್ತದೆ, ಹಸಿಯಾಗಿ ತಿನ್ನುವ ಸೌತೆಯೊಂದಿಗೆ ಕೂಡುವುದಿಲ್ಲ.

ಕೂಡಿದರೂ ಈ ವರ್ಷದ ಕಾಯಿಯ ರುಚಿ ಬದಲಾಗದು. ನಾವು ತಿನ್ನುವ ತಿರುಳು ತಾಯಿ ಬಳ್ಳಿಯದೇ ಭಾಗ. ತಂದೆಯ ಗುಣ ಸೇರುವುದು ಒಳಗಿನ ಬೀಜಕ್ಕೆ. ಆ ಬೀಜ ಬಿತ್ತಿದಾಗ ಬರುವ ಕಾಯಿಯಲ್ಲಿ ವ್ಯತ್ಯಾಸ ಕಾಣಬಹುದು. (ಮುಸುಕಿನ ಜೋಳದಲ್ಲಿ ನಾವು ಬೀಜವನ್ನೇ ತಿನ್ನುವುದರಿಂದ ಪರಾಗದ ಪರಿಣಾಮ ಅದೇ ಬೆಳೆಯಲ್ಲಿ ಕಾಣುತ್ತದೆ.)

ಹಾಗಾದರೆ ಕಹಿ ಎಲ್ಲಿಂದ?

ಕುಕುರ್ಬಿಟಾಸಿನ್ ಎಂಬ ರಾಸಾಯನಿಕಗಳಿಂದ. ಕೀಟಗಳಿಂದ ರಕ್ಷಣೆಗಾಗಿ ಬಳ್ಳಿ ಇವನ್ನು ತಯಾರಿಸುತ್ತದೆ. ತಳಿಯ ಗುಣ, ವಿಪರೀತ ಬಿಸಿಲು, ನೀರಿನ ಕೊರತೆಯಿಂದ ಕಾಯಿಯಲ್ಲೂ ಇವು ಹೆಚ್ಚಬಹುದು. ಸೌತೆಯಲ್ಲಿ ತೊಟ್ಟಿನ ಕಡೆ ಮತ್ತು ಸಿಪ್ಪೆಯ ಬಳಿ ಕಹಿ ಜಾಸ್ತಿ.

ಎಚ್ಚರ ಬೇಕಿರುವುದು ಇಲ್ಲಿ

"ಪಕ್ಕದ ಹಾಗಲದ ಕಹಿ, ಹಾಗಲ ಒಳ್ಳೆಯದೇ ತಾನೆ" ಎಂದುಕೊಂಡು ಕಹಿ ಸೋರೆಕಾಯಿಯ ಜ್ಯೂಸ್ ಕುಡಿದರೆ ಜೀವಕ್ಕೇ ಕುತ್ತು ಬರಬಹುದು. ಇಂಥ ಜ್ಯೂಸ್‌ನಿಂದ ನಮ್ಮ ದೇಶದಲ್ಲಿ ಸಾವುಗಳೂ ಸಂಭವಿಸಿವೆ. ಇದನ್ನು ಪರಿಶೀಲಿಸಲು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ತಜ್ಞರ ಸಮಿತಿ ರಚಿಸಿತ್ತು. ಅದರ ವರದಿ 2012ರಲ್ಲಿ ಪ್ರಕಟವಾಯಿತು. ಈ ವಿಷಕ್ಕೆ ಪ್ರತಿವಿಷವಿಲ್ಲ, ಆಸ್ಪತ್ರೆಯಲ್ಲಿ ಲಕ್ಷಣಗಳಿಗೆ ಚಿಕಿತ್ಸೆ ಕೊಡುತ್ತಾರೆ.

ನೀವು ಮಾಡಬೇಕಾದ್ದು:

• ಸೋರೆಕಾಯಿ ಜ್ಯೂಸ್ ಮಾಡುವ ಮೊದಲು ಸಣ್ಣ ಚೂರನ್ನು ನಾಲಿಗೆಗೆ ತಾಗಿಸಿ ನೋಡಿ. ಕಹಿಯಿದ್ದರೆ ಉಗಿದು, ಇಡೀ ಕಾಯಿಯನ್ನು ಎಸೆಯಿರಿ.
• ಬೇಯಿಸಿದರೆ ಕಹಿ ವಿಷ ಹೋಗುತ್ತದೆ ಎಂದು ನಂಬಬೇಡಿ. ಉಪ್ಪು, ನಿಂಬೆರಸ, ಬೇರೆ ಜ್ಯೂಸ್ ಸೇರಿಸಿ ಕಹಿ ಮರೆಮಾಚಬೇಡಿ.
• ಕುಡಿದ ಮೇಲೆ ವಾಂತಿ, ಭೇದಿ, ಹೊಟ್ಟೆನೋವು ಬಂದರೆ ಮನೆಮದ್ದು ಮಾಡುತ್ತಾ ಕೂರದೆ ತಕ್ಷಣ ಆಸ್ಪತ್ರೆಗೆ ಹೋಗಿ.
• ಕಹಿ ಕಾಯಿಯ ಬೀಜವನ್ನು ಮುಂದಿನ ಬಿತ್ತನೆಗೆ ಇಡಬೇಡಿ. ಸುತ್ತಮುತ್ತ ಕಹಿ ಸೋರೆ ಇದ್ದರೆ ನಿಮ್ಮ ಸಿಹಿ ಸೋರೆಯ ಬೀಜವನ್ನೂ ಇಡಬೇಡಿ. ಅವೆರಡೂ ಒಂದೇ ಜಾತಿ, ಆದ್ದರಿಂದ ಕೂಡುತ್ತವೆ.

ಹಾಗಲ ಮತ್ತು ಸೌತೆಯನ್ನು ಒಂದೇ ಚಪ್ಪರಕ್ಕೆ ಧಾರಾಳವಾಗಿ ಹಬ್ಬಿಸಿ. ಕಹಿ ಬಂದ ಕಾಯಿಯನ್ನು ಮಾತ್ರ ಅಡುಗೆಮನೆಗೆ ಸೇರಿಸಬೇಡಿ.