ಬೋಗುಣಿಯಲ್ಲಿ ನೆನೆದ ಹೂಕೋಸು

ಭಾನುವಾರ ಬೆಳಗ್ಗೆ ಮಾರ್ಕೆಟ್ಟಿನ ಚೀಲ ಮನೆಗೆ ಬಂದಿಳಿದ ಕೂಡಲೇ ನಮ್ಮ ಅಡುಗೆಕಟ್ಟೆಯ ಮುಂದೆ ಒಂದು ಸಣ್ಣ ವಾಗ್ವಾದ ಶುರುವಾಗುತ್ತದೆ. ಅಮ್ಮ ದೊಡ್ಡ ಬೋಗುಣಿಗೆ ಬಿಸಿನೀರು ಸುರಿದು, ಒಂದು ಹಿಡಿ ಕಲ್ಲುಪ್ಪು, ಚಿಟಿಕೆ ಅರಿಶಿನ ಹಾಕಿ, ಹೂಕೋಸನ್ನು ತಲೆಕೆಳಗು ಮಾಡಿ ಮುಳುಗಿಸುತ್ತಾಳೆ. ಮಗಳು ಬಂದು, "ಅಜ್ಜಿ, ಉಪ್ಪಿಂದ ಏನೂ ಆಗಲ್ಲ, ಸೋಡಾ ಹಾಕು" ಅನ್ನುತ್ತಾಳೆ. ನನ್ನ ಹೆಂಡತಿಗೆ ವಿನೆಗರ್ ಮೇಲೆ ನಂಬಿಕೆ. ಮಿಲಿಟರಿಯಲ್ಲಿದ್ದು ಬಂದ ನಮ್ಮ ದೊಡ್ಡಪ್ಪ ಬದುಕಿದ್ದಾಗ ಇವರಾರ ಮಾತನ್ನೂ ಕೇಳುತ್ತಿರಲಿಲ್ಲ. ಸೌತೆಕಾಯಿ, ಟೊಮ್ಯಾಟೊ ಏನೇ ಇರಲಿ, ನಾಲ್ಕು ಹರಳು ಪೊಟ್ಯಾಸಿಯಂ ಪರ್ಮಾಂಗನೇಟ್ ಹಾಕಿದ ಗುಲಾಬಿ ನೀರಿನಲ್ಲಿ ಅದ್ದಿ ತೆಗೆದರೇ ಅವರಿಗೆ ಸಮಾಧಾನ.

ನಾಲ್ವರಲ್ಲಿ ಯಾರು ಸರಿ ಎಂದು ಹುಡುಕಲು ಹೊರಟ ನನಗೆ ಬೇರೆಯೇ ಒಂದು ಸಂಗತಿ ಕಣ್ಣಿಗೆ ಬಿತ್ತು. ಈ ನಾಲ್ವರೂ ಬೇರೆಬೇರೆ ಕಾಲದ ಬೇರೆಬೇರೆ ಶತ್ರುಗಳ ಜೊತೆ ಕಾದಾಡುತ್ತಿದ್ದರು. ಅಮ್ಮನ ಶತ್ರು ಹುಳು. ದೊಡ್ಡಪ್ಪನದು ಕಾಲರಾ. ಹೆಂಡತಿ ಮತ್ತು ಮಗಳದ್ದು ಕೀಟನಾಶಕ.

ಹುಳುವಿನಿಂದ ಶುರು ಮಾಡೋಣ. ನಮ್ಮ ಹಳೆಯ ಅಡುಗೆಮನೆಗಳಲ್ಲಿ ತರಕಾರಿ ತೊಳೆಯುವುದೆಂದರೆ ಮಣ್ಣು ತೆಗೆಯುವುದು ಎಂದೇ ಅರ್ಥ. ಸೊಪ್ಪನ್ನು ಎರಡು ಮೂರು ಸಲ ನೀರು ಬದಲಿಸಿ ಜಾಲಾಡಿಸುತ್ತಿದ್ದರು, ಮರಳು ಪಾತ್ರೆಯ ತಳದಲ್ಲಿ ನಿಲ್ಲುತ್ತಿತ್ತು. ತೊಳೆದ ಮೇಲೆ ಹೆಚ್ಚಬೇಕು, ಹೆಚ್ಚಿದ ಮೇಲೆ ತೊಳೆಯಬಾರದು ಎಂಬುದೊಂದೇ ಕಟ್ಟುನಿಟ್ಟಿನ ನಿಯಮ. ಅದರಾಚೆಗೆ ಹೆಚ್ಚು ಚಿಂತೆ ಬೇಕಿರಲಿಲ್ಲ, ಯಾಕೆಂದರೆ ಬಹುತೇಕ ಎಲ್ಲವೂ ಬೇಯುತ್ತಿತ್ತು. ಹಸಿಯಾಗಿ ತಿನ್ನುವ ಸೌತೆಕಾಯಿ, ಬಾಳೆಹಣ್ಣು, ಹಲಸಿನ ತೊಳೆಗಳಿಗೆ ಸಿಪ್ಪೆಯ ಕಾವಲಿತ್ತು. ಉಪ್ಪುನೀರಿನ ಅಗತ್ಯ ಬಿದ್ದದ್ದು ಹೂಕೋಸಿನಂಥ ತರಕಾರಿಗೆ. ಅದು ಭಾರತಕ್ಕೆ ಬಂದದ್ದು 1822ರಲ್ಲಿ, ಸಹಾರನ್‌ಪುರದ ಕಂಪನಿ ತೋಟಕ್ಕೆ ಎನ್ನುತ್ತಾರೆ. ಕೋಸು, ಹೂಕೋಸು, ಕ್ಯಾರೆಟ್‌ಗಳನ್ನು ನಮ್ಮ ಕಡೆ ಹಿರಿಯರು ಬಹುಕಾಲ 'ಇಂಗ್ಲಿಷ್ ತರಕಾರಿ' ಎಂದೇ ಕರೆದು ಶ್ರಾದ್ಧದ ಅಡುಗೆಯಿಂದ ಹೊರಗಿಟ್ಟಿದ್ದರು. ಹೂಕೋಸಿನ ಸಂದುಗೊಂದುಗಳಲ್ಲಿ ಹಸಿರು ಹುಳು ಅಡಗಿ ಕೂತರೆ ನಲ್ಲಿ ನೀರಿಗೆ ಬೀಳುವುದಿಲ್ಲ. ಉಪ್ಪು ಹಾಕಿದ ಬಿಸಿನೀರಿನಲ್ಲಿ ಹಿಡಿತ ಬಿಟ್ಟು ತೇಲುತ್ತದೆ. ಅಮ್ಮನ ವಿಧಾನ ಆ ಹುಳುವಿಗೆ ಸರಿಯಾಗಿಯೇ ಇದೆ.

ದೊಡ್ಡಪ್ಪನ ಗುಲಾಬಿ ನೀರಿನ ಕಥೆ ಉದ್ದವಾದದ್ದು. 1854ರಲ್ಲಿ ಲಂಡನ್ನಿನ ಸೋಹೋದಲ್ಲಿ ಕಾಲರಾ ಹಬ್ಬಿದಾಗ ವೈದ್ಯ ಜಾನ್ ಸ್ನೋ, ಸತ್ತವರ ಮನೆಗಳನ್ನು ಗುರುತು ಹಾಕಿಕೊಂಡು ಹೋಗಿ, ರೋಗ ಬ್ರಾಡ್ ಸ್ಟ್ರೀಟಿನ ಒಂದು ಪಂಪಿನ ನೀರಿನಿಂದ ಬರುತ್ತಿದೆ ಎಂದು ತೋರಿಸಿದ. ಮೂವತ್ತು ವರ್ಷಗಳ ನಂತರ, 1884ರಲ್ಲಿ, ರಾಬರ್ಟ್ ಕಾಖ್ ಕಲಕತ್ತೆಯಲ್ಲಿ ಕೂತು ಕಾಲರಾದ ಬ್ಯಾಕ್ಟೀರಿಯಾವನ್ನು ಗುರುತಿಸಿದ. ರೋಗ ನೀರಿನಲ್ಲಿದೆ ಎಂದಮೇಲೆ ಆ ನೀರು ಹಾಯಿಸಿದ ತೋಟದ ಸೊಪ್ಪಿನಲ್ಲೂ ಇರಬೇಕಲ್ಲ? ಬೇಯಿಸಿ ತಿನ್ನುವವರಿಗಿಂತ, ಹಸಿ ಎಲೆಯ ಸಲಾಡ್ ತಿನ್ನುವ ಇಂಗ್ಲಿಷರಿಗೆ ಇದು ದೊಡ್ಡ ತಲೆನೋವು.

ಆಗ ಸಿಕ್ಕಿದ್ದು ಪರ್ಮಾಂಗನೇಟ್. ಲಂಡನ್ನಿನ ಹೆನ್ರಿ ಕಾಂಡಿ ಎಂಬಾತ 1850ರ ದಶಕದಲ್ಲೇ ಅದರ ದ್ರಾವಣವನ್ನು 'ಕಾಂಡೀಸ್ ಫ್ಲೂಯಿಡ್' ಎಂದು ಮಾರಲು ತೊಡಗಿದ್ದ. ಅದನ್ನು ಭಾರತದ ಬಾವಿಗಳಿಗೆ ಇಳಿಸಿದವರಲ್ಲಿ ಮುಖ್ಯನಾದವನು ಅರ್ನೆಸ್ಟ್ ಹ್ಯಾನ್‌ಬರಿ ಹ್ಯಾಂಕಿನ್. 1890ರ ದಶಕದಲ್ಲಿ ಆಗ್ರಾದಲ್ಲಿ ಸರ್ಕಾರಿ ರಸಾಯನ ಪರೀಕ್ಷಕನಾಗಿದ್ದ ಈತ ದಂಡುಪ್ರದೇಶಗಳ ಕಾಲರಾದ ಬಗ್ಗೆ 1895ರಲ್ಲಿ ಒಂದು ಪುಸ್ತಕವನ್ನೇ ಬರೆದ. ಗಂಗೆ ಯಮುನೆಯರ ನೀರಿನಲ್ಲಿ ಕಾಲರಾ ಬ್ಯಾಕ್ಟೀರಿಯಾವನ್ನು ಕೊಲ್ಲುವ ಏನೋ ಒಂದು ಇದೆ ಎಂದು 1896ರಲ್ಲಿ ಬರೆದವನೂ ಇವನೇ. ಬಾವಿಗೆ ಪರ್ಮಾಂಗನೇಟ್ ಹಾಕಿ, ನೀರು ತಿಳಿಗುಲಾಬಿ ಬಣ್ಣದಲ್ಲಿ ನಿಲ್ಲುವವರೆಗೂ ಹಾಕುತ್ತ ಹೋಗುವುದು ಅವನ ವಿಧಾನ.

ಆ ಬಣ್ಣವೇ ಅದರ ಜನಪ್ರಿಯತೆಗೆ ಕಾರಣ ಎಂದು ನನಗನಿಸುತ್ತದೆ. ನೀರಿನಲ್ಲಿ ಕೊಳೆ ಇದ್ದಷ್ಟೂ ಪರ್ಮಾಂಗನೇಟ್ ಖರ್ಚಾಗಿ ಗುಲಾಬಿ ಬಣ್ಣ ಮಾಸಿ ಕಂದಾಗುತ್ತದೆ. ಅಕ್ಷರ ಬಾರದ ಅಡುಗೆಯಾಳೂ ಕಣ್ಣಿನಲ್ಲೇ ನೋಡಿ ಇನ್ನೆರಡು ಹರಳು ಬೇಕೋ ಬೇಡವೋ ಹೇಳಬಹುದಿತ್ತು. ಬಂಗಲೆಗಳ ಅಡುಗೆಮನೆಯಲ್ಲಿ ಅದಕ್ಕೆ 'ಪಿಂಕಿ ಪಾನಿ' ಎಂಬ ಹೆಸರು ಬಿತ್ತು. ಉತ್ತರದ ಹಳ್ಳಿಗಳಲ್ಲಿ ಅದು 'ಲಾಲ್ ದವಾ', ಕೆಂಪು ಔಷಧಿ. ಸಲಾಡ್ ತೊಳೆಯುವ ಕೆಲಸ ಆಳಿನದು, ಸರಿಯಾಗಿ ತೊಳೆದನೋ ಇಲ್ಲವೋ ಎಂಬ ಅನುಮಾನ ದೊರೆಸಾನಿಯದು. ಕಾಲರಾದ ಹೆದರಿಕೆಯ ಜೊತೆಗೆ ಆಳಿನ ಕೈಯ ಮೇಲಿನ ಅಪನಂಬಿಕೆಯೂ ಆ ಬೋಗುಣಿಯಲ್ಲಿ ಕರಗಿತ್ತು. ಸಿಪಾಯಿಗಳ ಮೆಸ್ಸಿನಿಂದ ಅದು ನಮ್ಮ ದೊಡ್ಡಪ್ಪನಂಥವರ ಟ್ರಂಕಿನೊಳಗೆ ಸಣ್ಣ ಶೀಶೆಯಾಗಿ ಮೈಸೂರು ಸೀಮೆಯ ಊರಿಗೂ ಬಂತು. ಅವರ ಬೆರಳ ತುದಿ ಸದಾ ಕಂದುಗಟ್ಟಿರುತ್ತಿದ್ದುದು ನನಗೆ ನೆನಪಿದೆ.

ಮೂರನೆಯ ಶತ್ರುವಿನ ಕಥೆ ಅಮೆರಿಕದ ಸೇಬಿನ ತೋಟಗಳಲ್ಲಿದೆ. ಅಲ್ಲಿ ಆಲೂಗಡ್ಡೆಯ ಜೀರುಂಡೆಯ ಮೇಲೆ 1860ರ ದಶಕದ ಕೊನೆಯಲ್ಲಿ ಪ್ಯಾರಿಸ್ ಗ್ರೀನ್ ಎಂಬ ಪಾಷಾಣದ ಹಸಿರು ಪುಡಿ ಎರಚಲು ಶುರು ಮಾಡಿದರು. 1890ರ ದಶಕದಲ್ಲಿ ಸೀಸ ಮತ್ತು ಆರ್ಸೆನಿಕ್ ಸೇರಿದ ಲೆಡ್ ಆರ್ಸೆನೇಟ್ ಬಂತು. ಅದು ಎಲೆ ಸುಡುವುದಿಲ್ಲ, ಮಳೆಗೆ ಬೇಗ ಹೋಗುವುದೂ ಇಲ್ಲ. ಸೇಬಿನ ಕಾಯಿಕೊರಕ ಹುಳುವಿಗೆ ಅದನ್ನು ಋತುವಿಗೆ ಹಲವು ಬಾರಿ ಹೊಡೆಯುತ್ತಿದ್ದರು. ಮಳೆಗೆ ಹೋಗದ್ದು ಮನೆಯ ನಲ್ಲಿ ನೀರಿಗೆ ಹೋಗುತ್ತದೆಯೇ? 1919ರಲ್ಲಿ ಬಾಸ್ಟನ್ನಿನ ಆರೋಗ್ಯಾಧಿಕಾರಿಗಳು ಪಾಷಾಣ ಅಂಟಿದ ಪೇರ್ ಹಣ್ಣುಗಳನ್ನು ನಾಶ ಮಾಡಿಸಿದರು. 1925ರ ಹೊತ್ತಿಗೆ ಲಂಡನ್ನಿನಲ್ಲಿ ಅಮೆರಿಕದ ಸೇಬು ತಿಂದವರಿಗೆ ಪಾಷಾಣದ ಲಕ್ಷಣಗಳು ಕಾಣಿಸಿಕೊಂಡು ಪತ್ರಿಕೆಗಳಲ್ಲಿ ಗುಲ್ಲಾಯಿತು. ಒಂದು ಪೌಂಡ್ ಹಣ್ಣಿನಲ್ಲಿ ಗ್ರೇನಿನ ನೂರನೇ ಒಂದು ಭಾಗಕ್ಕಿಂತ ಹೆಚ್ಚು ಆರ್ಸೆನಿಕ್ ಇದ್ದರೆ ಆ ಹಣ್ಣು ಬೇಡ ಎಂದು ಬ್ರಿಟನ್ ಪಟ್ಟುಹಿಡಿಯಿತು.

ಆಗ ಏನಾಯಿತು ನೋಡಿ. ಸೇಬು ತೊಳೆದವರು ಲಂಡನ್ನಿನ ಗೃಹಿಣಿಯರಲ್ಲ, ಬೆಳೆಗಾರರು. 1920ರ ದಶಕದ ಕೊನೆಗೆ ಅಮೆರಿಕದ ವಾಯವ್ಯ ಭಾಗದ ಪ್ಯಾಕಿಂಗ್ ಶೆಡ್‌ಗಳಲ್ಲಿ ಸೇಬನ್ನು ತೆಳುವಾದ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ತೊಳೆದು, ನೀರಿನಲ್ಲಿ ಜಾಲಿಸಿ ಪೆಟ್ಟಿಗೆಗೆ ತುಂಬುವ ಯಂತ್ರಗಳು ಬಂದವು. ಬರೀ ನೀರಿಗೆ ಬಗ್ಗದ ಲೆಡ್ ಆರ್ಸೆನೇಟ್ ಆಮ್ಲದಲ್ಲಿ ಕರಗುತ್ತದೆ. ಖರ್ಚು ತೋಟದವನದ್ದು. ಕೊಳ್ಳುವವರು ಬೇಡವೆಂದರೆ ಹಡಗು ವಾಪಸು ಬರುತ್ತದೆ ಎಂಬ ಭಯ ಆ ಖರ್ಚನ್ನು ಮಾಡಿಸಿತು. ಈ ಭಾಗವನ್ನು ಓದುವಾಗ ನಾನು ಸ್ವಲ್ಪ ಹೊಟ್ಟೆಕಿಚ್ಚಿನಿಂದಲೇ ಓದಿದೆ.

ಆಮೇಲೆ ಬಂದ ಡಿಡಿಟಿ ಈ ಲೆಕ್ಕವನ್ನೆಲ್ಲ ಕೆಡಿಸಿತು. 1939ರಲ್ಲಿ ಅದರ ಕೀಟನಾಶಕ ಗುಣವನ್ನು ಕಂಡುಹಿಡಿದ ಪೌಲ್ ಮುಲ್ಲರ್‌ಗೆ 1948ರಲ್ಲಿ ನೊಬೆಲ್ ಬಂತು. ಅದು ನೀರಿನಲ್ಲಿ ಕರಗುವುದಿಲ್ಲ, ಕೊಬ್ಬಿನಲ್ಲಿ ಕೂರುತ್ತದೆ. ಅದರ ಹಿಂದೆಯೇ ಗಿಡದ ರಸದೊಳಗೆ ಸೇರಿ ಎಲೆ ಕಾಯಿಗಳಿಗೆಲ್ಲ ಹರಡುವ ಅಂತರ್ವ್ಯಾಪಿ ಕೀಟನಾಶಕಗಳೂ ಬಂದವು. ಅವುಗಳ ವಿಷ ತರಕಾರಿಯ ಮೈಮೇಲೆ ಮಾತ್ರ ಇರುವುದಿಲ್ಲ, ತರಕಾರಿಯ ಮೈಯೇ ಆಗಿರುತ್ತದೆ. ನಮ್ಮಲ್ಲಿ 1958ರಲ್ಲಿ ಕೇರಳದಲ್ಲಿ ಹಡಗಿನಲ್ಲಿ ಬಂದ ಗೋಧಿಹಿಟ್ಟಿಗೆ ಪ್ಯಾರಾಥಿಯಾನ್ ಸೋರಿ, ಅದನ್ನು ತಿಂದ ನೂರಕ್ಕೂ ಹೆಚ್ಚು ಜನ ಸತ್ತರು. ಅದರ ವಿಚಾರಣೆಯ ದೂರದ ಫಲವೇ 1968ರ ಕೀಟನಾಶಕ ಕಾಯಿದೆ. ನಡುವೆ ಹತ್ತು ವರ್ಷ ಕಳೆದಿತ್ತು.

ನಮ್ಮದೇ ಭಾಷೆಯ ನೆಲದಲ್ಲಿ ಎಂಡೋಸಲ್ಫಾನ್ ಬಂದದ್ದು ಹೆಲಿಕಾಪ್ಟರಿನಲ್ಲಿ. ಕಾಸರಗೋಡಿನ ಗೇರುತೋಟಗಳ ಮೇಲೆ ಎರಡು ದಶಕಕ್ಕೂ ಹೆಚ್ಚು ಕಾಲ ಅದನ್ನು ಆಕಾಶದಿಂದ ಸುರಿದರು. ಇತ್ತ ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆ, ನಿಡ್ಲೆಗಳ ಕಡೆಯ ಗೇರುತೋಟಗಳಲ್ಲೂ ಸುರಿದರು. ಪಡ್ರೆ ಗ್ರಾಮದಲ್ಲಿ ಡಾ. ವೈ. ಎಸ್. ಮೋಹನ ಕುಮಾರ್ ತಮ್ಮಲ್ಲಿಗೆ ಬರುವ ರೋಗಿಗಳ ಮನೆಗಳನ್ನು ಗುರುತು ಮಾಡುತ್ತ ಹೋದ ರೀತಿ ಜಾನ್ ಸ್ನೋನನ್ನು ನೆನಪಿಸುತ್ತದೆ. ಪತ್ರಕರ್ತ ಶ್ರೀಪಡ್ರೆ ಅದನ್ನು ಹೊರಗಿನ ಲೋಕಕ್ಕೆ ಮುಟ್ಟಿಸಿದರು. ಸುಪ್ರೀಂ ಕೋರ್ಟ್ ನಿಷೇಧ ಹೇರಿದ್ದು 2011ರ ಮೇ ತಿಂಗಳಲ್ಲಿ. ಬಾವಿ, ಸುರಂಗ, ತೋಡುಗಳಿಗೇ ವಿಷ ಬಿದ್ದ ಆ ಊರುಗಳಲ್ಲಿ ಬೋಗುಣಿಗೆ ಸುರಿಯಲು ಬೇಕಾದ ನೀರೇ ನಂಬುವಂತಿರಲಿಲ್ಲ.

ಪಟ್ಟಣದಲ್ಲಿರುವ ನಮ್ಮಂಥವರು ಮಾತ್ರ ಬೋಗುಣಿಯನ್ನೇ ನಂಬಿದೆವು. ನಂಬುವುದಕ್ಕೆ ಒಂದಿಷ್ಟು ಆಧಾರವೂ ಇದೆ. ತಿರುವನಂತಪುರದ ಬಳಿಯ ವೆಳ್ಳಾಯಣಿ ಕೃಷಿ ಕಾಲೇಜಿನ ಪ್ರಯೋಗಾಲಯದವರು ತರಕಾರಿಗಳನ್ನು ಪರೀಕ್ಷಿಸಿ, ಹುಣಸೆನೀರಿನಲ್ಲೋ ವಿನೆಗರ್ ಬೆರೆಸಿದ ನೀರಿನಲ್ಲೋ ನೆನೆಸಿ ತೊಳೆಯಿರಿ ಎಂದು ಮನೆಯವರಿಗೆ ಹೇಳಿಕೊಟ್ಟರು. ಹಿತ್ತಾಳೆ ತಂಬಿಗೆ ಬೆಳಗುವ ಹುಣಸೆಗೆ ಹೀಗೊಂದು ಹೊಸ ಕೆಲಸ ಸಿಕ್ಕಿತು. ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಲಿಲಿ ಹೆ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಸೇಬಿನ ಮೇಲಿನ ಎರಡು ಕೀಟ-ಶಿಲೀಂಧ್ರನಾಶಕಗಳನ್ನು ಅಡುಗೆ ಸೋಡಾದ ನೀರು ಬರಿ ನೀರಿಗಿಂತ ಚೆನ್ನಾಗಿ ತೆಗೆಯಿತು. ಲೀಟರಿಗೆ ಹತ್ತು ಗ್ರಾಂ ಸೋಡಾ, ಹನ್ನೆರಡರಿಂದ ಹದಿನೈದು ನಿಮಿಷ ನೆನೆಸಬೇಕು. ಮಗಳು ಹೇಳುವುದು ಇದನ್ನೇ. ಅವಳು ಹೇಳದೆ ಬಿಡುವ ಭಾಗವೆಂದರೆ, ಅವುಗಳಲ್ಲಿ ಒಂದಾದ ಥಯಾಬೆಂಡಜೋಲ್ ಹಾಕಿದ್ದರಲ್ಲಿ ಐದನೇ ಒಂದು ಭಾಗ ಸಿಪ್ಪೆಯೊಳಕ್ಕೆ ಇಳಿದಿತ್ತು, ಅದನ್ನು ಸೋಡಾ ತೆಗೆಯಲಿಲ್ಲ. ಅದಕ್ಕೂ ಮುಂಚೆ, 2000ದ ಸುಮಾರಿಗೆ, ಕನೆಕ್ಟಿಕಟ್‌ನ ಕೃಷಿ ಸಂಶೋಧನಾ ಕೇಂದ್ರದವರು ಹನ್ನೆರಡು ಕೀಟನಾಶಕಗಳನ್ನು ಪರೀಕ್ಷಿಸಿದಾಗ ಒಂಬತ್ತು ಬರೀ ನಲ್ಲಿನೀರಿಗೇ ಕಡಿಮೆಯಾಗಿದ್ದವು. ಅಂಗಡಿಯಲ್ಲಿ ಮಾರುವ ತರಕಾರಿ ತೊಳೆಯುವ ದ್ರಾವಣ ನೀರಿಗಿಂತ ಹೆಚ್ಚೇನೂ ಮಾಡಿರಲಿಲ್ಲ. ಹರಿಯುವ ನೀರಿನಲ್ಲಿ ಕೈಯಿಂದ ಉಜ್ಜುವುದೇ ಬಹುಪಾಲು ಕೆಲಸ.

ಇನ್ನು ಸೋಡಾ ಮತ್ತು ವಿನೆಗರ್ ಎರಡನ್ನೂ ಒಟ್ಟಿಗೆ ಸುರಿದು ನೊರೆ ಉಕ್ಕಿಸುವವರಿದ್ದಾರೆ. ನೋಡಲು ಚೆಂದ. ಆದರೆ ಕ್ಷಾರ ಮತ್ತು ಆಮ್ಲ ಒಂದನ್ನೊಂದು ಮುಗಿಸಿಕೊಂಡು, ಕೊನೆಗೆ ಉಳಿಯುವುದು ಸ್ವಲ್ಪ ಉಪ್ಪುಪ್ಪಾದ ನೀರು. 2020ರ ಕೊರೋನಾ ಬೇಸಿಗೆಯಲ್ಲಂತೂ ಜನ ಪಾತ್ರೆ ಸೋಪಿನಲ್ಲಿ ಟೊಮ್ಯಾಟೊ ತೊಳೆದರು. ಸೋಪು ಬೇಡ ಎಂದು ಆಹಾರ ಸುರಕ್ಷತಾ ಪ್ರಾಧಿಕಾರವೇ ಹೇಳಬೇಕಾಯಿತು. ನಾವೂ ತೊಳೆದಿದ್ದೆವು, ಎರಡು ದಿನ ಸಾರಿನಲ್ಲಿ ನಿಂಬೆ ಸೋಪಿನ ವಾಸನೆ ಬಂದಮೇಲೆ ಬಿಟ್ಟೆವು.

ಕೋಲಾರದ ಕಡೆ ನನ್ನ ಸೋದರಮಾವ ಒಂದೂವರೆ ಎಕರೆಯಲ್ಲಿ ಟೊಮ್ಯಾಟೊ, ಹೂಕೋಸು ಬೆಳೆಯುತ್ತಾರೆ. ಕೀಟನಾಶಕಕ್ಕೆ ಅಲ್ಲಿ 'ಔಷಧಿ' ಎನ್ನುತ್ತಾರೆ. ಔಷಧಿ ಹೊಡೆದ ಎಂದರೆ ಬೆಳೆಗೆ ಸಿಂಪಡಿಸಿದ, ಔಷಧಿ ಕುಡಿದ ಎಂದರೆ ಅರ್ಥ ಬೇರೆ, ಆ ಅರ್ಥ ಅಲ್ಲಿ ಎಲ್ಲರಿಗೂ ಗೊತ್ತು. ಡಬ್ಬಿಯ ಮೇಲೆ ಹೊಡೆದ ಮೇಲೆ ಇಷ್ಟು ದಿನ ಕಟಾವು ಮಾಡಬಾರದು ಎಂದು ಸಣ್ಣಕ್ಷರದಲ್ಲಿ ಬರೆದಿರುತ್ತದೆ. ಹೋದ ಸಲ ಹೋದಾಗ ಅದನ್ನು ಮಾವನಿಗೆ ಓದಿ ಹೇಳಿದೆ. ಮಾವ ನಕ್ಕು, "ರೇಟು ನಾಳೆವರೆಗೂ ಕಾಯ್ತದಾ?" ಅಂದರು. ಬೆನ್ನಿಗೆ ಪಂಪು ಕಟ್ಟಿಕೊಂಡು ಬರಿಗಾಲಲ್ಲಿ, ಮೂಗಿಗೆ ಟವೆಲು ಸುತ್ತಿ ಸಾಲಿನಲ್ಲಿ ನಡೆಯುತ್ತಿದ್ದ ಆಳು ನಮಗಿಂತ ಬಹಳ ಹತ್ತಿರದಿಂದ ಅದನ್ನು ಉಸಿರಾಡುತ್ತಿದ್ದ. ಅವನ ಕೈಗೆ ಸಿಕ್ಕಿದ್ದು ತೊಟ್ಟಿಯ ನೀರು, ಒಂದು ತುಂಡು ಬಟ್ಟೆ ಸೋಪು.

ತೋಟದ ಮೂಲೆಯಲ್ಲಿ, ನೀರಿನ ತೊಟ್ಟಿಯ ಪಕ್ಕ, ಎರಡು ಸಾಲು ಹೂಕೋಸು ಸ್ವಲ್ಪ ಸೊರಗಿದಂತೆ, ಎಲೆಯೆಲ್ಲ ತೂತಾಗಿ ನಿಂತಿತ್ತು. ಇದೇನು ಮಾವ, ಇದಕ್ಕೆ ಹೊಡೆದಿಲ್ವಾ ಎಂದೆ. "ಅದು ಮನೆಗಪ್ಪ" ಅಂದರು, ಮುಚ್ಚಿಡುವಂಥದ್ದೇನೂ ಅಲ್ಲ ಎಂಬಂತೆ. ಮಾರ್ಕೆಟ್ಟಿಗೆ ತೂತಿನ ಎಲೆ ಹೋದರೆ ದಲ್ಲಾಳಿ ಕಾಲಲ್ಲಿ ಒದ್ದು ಪಕ್ಕಕ್ಕೆ ತಳ್ಳುತ್ತಾನೆ, ನಿಮ್ಮಂಥವರೇ ಬಿಳಿಯ ಹೂವು ಆರಿಸಿ ಕೊಳ್ಳೋದಲ್ವಾ ಎಂದೂ ಸೇರಿಸಿದರು. ನನಗೆ ಉತ್ತರ ಹೊಳೆಯಲಿಲ್ಲ. ಭಾನುವಾರದ ಚೀಲದಲ್ಲಿ ನಾನೇ ಆರಿಸಿ ತರುವ ಹೂಕೋಸಿನ ಬಿಳಿ ಕಣ್ಮುಂದೆ ಬಂತು.

ಆ ಮಧ್ಯಾಹ್ನ ಅತ್ತೆ ಮನೆಯ ಸಾಲಿನದೊಂದು ಹೂವು ಕಿತ್ತು ತಂದು, ಬಿಸಿನೀರಿಗೆ ಉಪ್ಪು ಹಾಕಿ ಮುಳುಗಿಸಿದರು. ಸ್ವಲ್ಪ ಹೊತ್ತಿಗೆ ಎರಡು ಹಸಿರು ಹುಳು ಮೇಲೆ ತೇಲಿದವು. ಅತ್ತೆ ಅವನ್ನು ಬೆರಳಲ್ಲಿ ಎತ್ತಿ ಹಿತ್ತಲಿಗೆ ಎಸೆದು, ನೀರು ಬಸಿದು, ಹೆಚ್ಚಲು ಕೂತರು. ನಾವು ಹೊರಡುವಾಗ ಮಾವ ಕಾರಿನ ಡಿಕ್ಕಿಗೆ ಎರಡು ಸಾಲಿನದ್ದನ್ನೂ ಹಾಕಿಸಿದರು. ಊರಿಗೆ ಬಂದು ಇಳಿಸುವ ಹೊತ್ತಿಗೆ ಎಲೆ ಬಾಡಿ, ಯಾವುದು ಯಾವ ಸಾಲಿನದೆಂದು ಗುರುತು ಸಿಗದೆ, ಅಮ್ಮ ಎಲ್ಲಕ್ಕೂ ಉಪ್ಪು ಹಾಕಿದಳು, ಮಗಳು ಅದರ ಮೇಲೆ ಒಂದು ಚಮಚ ಸೋಡಾ ಹಾಕಿದಳು.