ಗಂಜಿಯ ಶಿಲ್ಪಗಳು

ಐರಿಷ್ ಸಮುದ್ರದ ನಡುವಣ ಮ್ಯಾನ್ ದ್ವೀಪದಲ್ಲಿ ಡಗ್ಲಸ್ ಎಂಬುದೊಂದು ಪಟ್ಟಣ. ಬೇಸಗೆಯ ವಿಹಾರಾರ್ಥಿಗಳಿಗೆಂದು ಅಲ್ಲಿ ಕಟ್ಟಿದ್ದ ವಸತಿಗೃಹಗಳ ಚೌಕವೊಂದನ್ನು 1940ರ ಜುಲೈಯಲ್ಲಿ ಮುಳ್ಳುತಂತಿಯಿಂದ ಸುತ್ತುವರಿದು, ಹಿಟ್ಲರನ ದೆಸೆಯಿಂದ ಮನೆಮಾರು ತೊರೆದು ಬಂದಿದ್ದವರನ್ನೇ ಶತ್ರುದೇಶೀಯರೆಂದು ಬ್ರಿಟಿಷ್ ಸರಕಾರವು ಅದರೊಳಗೆ ಕೂಡಿಹಾಕಿತು. ಹುಲಿಗೆ ಹೆದರಿ ಓಡಿಬಂದವನನ್ನು ಹುಲಿಯ ಬಂಧುವೆಂದು ಕಟ್ಟಿಹಾಕಿದಂತಾಯಿತು.

ಈ ಹಚಿನ್ಸನ್ ಶಿಬಿರದ ಬಂದಿಗಳಲ್ಲಿ ಹ್ಯಾನೋವರಿನ ಕುರ್ಟ್ ಶ್ವಿಟ್ಟರ್ಸನೂ ಒಬ್ಬನು. ಮೊದಲ ಮಹಾಯುದ್ಧದಿಂದ ಜರ್ಜರಿತವಾಗಿದ್ದ ಜರ್ಮನಿಯಲ್ಲಿ, ಟ್ರಾಮಿನ ಚೀಟಿ, ಹರಿದ ಲಕೋಟೆ, ಮರದ ಚೂರು ಮೊದಲಾದ, ಪರರು ಬೀದಿಗೆಸೆದ ವಸ್ತುಗಳನ್ನು ಆಯ್ದು ಅಂಟಿಸಿ ಚಿತ್ರಗಳನ್ನು ರಚಿಸುತ್ತಿದ್ದ ಈತನು, ಅವಕ್ಕೆ ‘ಮೆರ್ಟ್ಸ್’ ಎಂದು ಹೆಸರಿಟ್ಟಿದ್ದನು. ಬ್ಯಾಂಕೊಂದರ ಜಾಹೀರಾತನ್ನು ಕತ್ತರಿಸುವಾಗ ‘ಕೊಮೆರ್ಟ್ಸ್’ ಎಂಬ ಪದದಲ್ಲಿ ಉಳಿದ ತುಂಡು ಅದು. ಆ ಹೆಸರೇ ಚಿಂದಿ! ಸ್ವಗೃಹದ ಕೋಣೆಗಳನ್ನೂ ಆತನು ಗಾರೆ ಮರಗಳಿಂದ ಗುಹೆಯೋಪಾದಿಯಲ್ಲಿ ಬೆಳೆಯಿಸಿದ್ದನು. 1937ರ ಜನವರಿಯಲ್ಲಿ ಅದನ್ನೂ ಪತ್ನಿ ಹೆಲ್ಮಾಳನ್ನೂ ಬಿಟ್ಟು ನಾರ್ವೆಗೆ ತೆರಳಿದನು. ಅದೇ ವರ್ಷ ಮ್ಯೂನಿಕ್ಕಿನಲ್ಲಿ ನಾಜಿಗಳು ‘ಅವನತ ಕಲೆ’ ಎಂದು ನಡೆಸಿದ ಪ್ರದರ್ಶನದಲ್ಲಿ ಅವನ ಕೃತಿಗಳೂ ಅಪಹಾಸ್ಯಕ್ಕೆ ಗುರಿಯಾದುವು. 1940ರಲ್ಲಿ ಜರ್ಮನ್ ಸೇನೆಯು ನಾರ್ವೆಯನ್ನೂ ಹೊಗಲು, ಅಲ್ಲಿ ಕಟ್ಟತೊಡಗಿದ್ದ ಎರಡನೆಯ ಗುಹೆಯನ್ನೂ ತೊರೆದು, ಹಿಮ ಸೀಳುವ ಹಡಗೊಂದನ್ನು ಹತ್ತಿ ಸ್ಕಾಟ್‌ಲೆಂಡಿಗೆ ಬಂದಿಳಿದನು.

ಶಿಬಿರದಲ್ಲಿ ಚಿತ್ರಸಾಮಗ್ರಿಗೆ ಅಭಾವ. ನೆಲಕ್ಕೆ ಹಾಸಿದ್ದ ಲಿನೋಲಿಯಮ್ಮನ್ನೇ ಕಿತ್ತು ಅದರ ಮೇಲೆ ಸಹಬಂದಿಗಳ ಭಾವಚಿತ್ರಗಳನ್ನು ಬರೆದನು. ಗಂಜಿಯೆಂದೊಡನೆ ನಮ್ಮವರಿಗೆ ಬರಗಾಲದ ನೆನಪಾಗುವುದು ಸಹಜ. ಈತನಿಗಾದರೋ ಅದು ಗಾರೆಯಾಗಿ ಕಂಡಿತು. ಬೆಳಗಿನ ಊಟದಲ್ಲಿ ಮಿಕ್ಕ ಓಟ್ಸ್ ಗಂಜಿಯನ್ನು ಅಟ್ಟದ ಕೋಣೆಗೆ ಒಯ್ದು ಮೆತ್ತಿ ಮೆತ್ತಿ ಅವನು ನಿಲ್ಲಿಸಿದ ಶಿಲ್ಪಗಳ ಮೇಲೆ ಕೆಲವೇ ದಿನಗಳಲ್ಲಿ ಹಸುರು-ನೀಲಿ ಬೂಷ್ಟು ಹಬ್ಬಿ, ಹುಳಿವಾಸನೆ ಮನೆಯನ್ನೆಲ್ಲ ತುಂಬಿ, ಗಂಜಿಯು ಕೆಳಗಿನ ಅಂತಸ್ತಿಗೆ ತೊಟ್ಟಿಕ್ಕುತ್ತಿದ್ದಿತೆಂದು ಜತೆಗಿದ್ದವರು ಹೇಳಿರುವರು. ಇರುಳಿನಲ್ಲಿ ಅವನು ನಾಯಿಯಂತೆ ಬೊಗಳುತ್ತಿದ್ದುದೂ ಉಂಟಂತೆ. ಅದನ್ನು ಹುಚ್ಚೆನ್ನಲು ನನಗೆ ಮನಸ್ಸು ಬಾರದು.

1941ರ ನವೆಂಬರಿನಲ್ಲಿ ಬಿಡುಗಡೆಯಾಯಿತು. ಹ್ಯಾನೋವರಿನ ಮನೆಯು 1943ರಲ್ಲಿ ಬಾಂಬಿಗೆ ಆಹುತಿಯಾಯಿತು; ಮರುವರ್ಷ ಹೆಲ್ಮಾ ತೀರಿಕೊಂಡಳು. ಆತನು ಮಾತ್ರ 1947ರಲ್ಲಿ, ಇಂಗ್ಲೆಂಡಿನ ಎಲ್ಟರ್‌ವಾಟರಿನ ಕೊಟ್ಟಿಗೆಯೊಂದರಲ್ಲಿ ಮತ್ತೆ ಗಾರೆ ಕಲಸಿದನು. ಒಂದು ಗೋಡೆಯೂ ಮುಗಿಯಲಿಲ್ಲ. ಬ್ರಿಟಿಷ್ ಪೌರತ್ವವು ದೊರೆತ ಮರುದಿನವೇ, 1948ರ ಜನವರಿ 8ರಂದು, ಮರಣಹೊಂದಿದನು. ಆ ಗೋಡೆಯನ್ನು 1965ರಲ್ಲಿ ಇಡಿಯಾಗಿ ನ್ಯೂಕ್ಯಾಸಲಿಗೆ ಸಾಗಿಸಿದರು. ಭಾವಚಿತ್ರಗಳು ಹಲವು ಉಳಿದಿವೆ. ಗಂಜಿಯ ಶಿಲ್ಪಗಳಲ್ಲಿ ಒಂದೂ ಇಲ್ಲ.